ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಕೂಲಿಕಾರರ ಮಗುವಿಗೆ ಇಲ್ಲಿ ಚಿಕಿತ್ಸೆ ಪಡೆಯುವ ಹಕ್ಕಿದೆಯಾ?

ಖಂಡಿತ ಇದೆ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಊರು ಬದಲಾದರೆ ಹೋಗುವುದಿಲ್ಲ. ತುರ್ತು ಹೊತ್ತಲ್ಲಿ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡದಿದ್ದರೆ ಆ ಹಕ್ಕನ್ನೇ ಮುರಿದಂತೆ ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

"ಆಧಾರ್ ಇಲ್ವಾ? ಹಾಗಾದ್ರೆ ಆಗಲ್ಲ" ಅಂದರೆ ಸುಮ್ನೆ ವಾಪಸ್ ಬರಬೇಡಿ. ಆಧಾರ್ ಇಲ್ಲ ಅನ್ನುವ ಕಾರಣಕ್ಕೆ ಯಾವ ಮಗುವಿಗೂ ಸರ್ಕಾರಿ ಯೋಜನೆ ತಪ್ಪಿಸಬಾರದು ಎಂದು 2018ರ ಆಧಾರ್ ತೀರ್ಪಿನಲ್ಲೇ ಇದೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಉಚಿತ. ನಮ್ಮ ಬೀದಿ ಕೊನೆಯ ಹೊಸ ಬಿಲ್ಡಿಂಗ್ ಹತ್ತಿರ, ತಗಡಿನ ಶೆಡ್ಡಿನಲ್ಲಿರುವ ಒಬ್ಬ ಅಕ್ಕ, ಮಗುವಿನ ಲಸಿಕೆಗಳನ್ನು ಬರೆದಿಡುವ 'ತಾಯಿ ಕಾರ್ಡ'ನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಟಿದ್ದರು. ಎಷ್ಟು ಜಾಣತನ ಅಲ್ವಾ! ಯಾವ ಲಸಿಕೆ ಬಾಕಿ ಅಂತ ಅದನ್ನು ನೋಡಿದ ಕೂಡಲೇ ನರ್ಸ್‌ಗೆ ಗೊತ್ತಾಗುತ್ತದೆ. ಕಾರ್ಡ್ ಕಳೆದಿದ್ದರೂ ಮಗುವನ್ನು ಕರೆದುಕೊಂಡು ಹೋಗಿ.

ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯ ಆಹಾರ 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಅದು ಯಾರೋ ಕೊಡುವ ದಾನವಲ್ಲ.

ಬಂದ ವಾರದಲ್ಲೇ ಆ ಏರಿಯಾದ ಆಶಾ ಕಾರ್ಯಕರ್ತೆಯನ್ನು ಹುಡುಕಿ, ಮಗುವಿನ ಹೆಸರು ಬರೆಸಿ. ಮಗು ತೀರಾ ಸುಸ್ತಾಗಿದ್ದರೆ ಕಾಗದ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.