ಪ್ರಶ್ನೋತ್ತರ: ಮುಖ ನೋಡದ ಬಳಗ ಒಮ್ಮೆ ಸೇರಬೇಕೆ?

ಪ್ರಶ್ನೆ: ನಾವು ಕನ್ನಡ ಮತ್ತು ತುಳು ವಿಕಿಪೀಡಿಯಕ್ಕೆ ಬರೆಯುವ ಕೆಲವರು, ಪರಿಚಯವಾದದ್ದೆಲ್ಲ ಅಂತರ್ಜಾಲದಲ್ಲಿಯೇ. ಮಂಗಳೂರಿನಲ್ಲಿ ಒಂದು ದಿನ ಸೇರೋಣವೆಂದರೆ, ಕೆಲಸ ಮನೆಯಿಂದಲೇ ಸಾಗುತ್ತಿರುವಾಗ ಈ ಖರ್ಚೇಕೆ ಎಂದು ಕೆಲವರು ಕೇಳುತ್ತಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಉಡುಪಿ

ಉತ್ತರ: ಖಂಡಿತ ಸೇರಿ. ಆದರೆ ಆ ದಿನ ಎಷ್ಟು ಲೇಖನ ಮುಗಿದವು ಎಂದು ಲೆಕ್ಕ ಹಾಕಬೇಡಿ. ಭೇಟಿಯ ಫಲ ಕಾಣುವುದು ನಿಮ್ಮೊಳಗೆ ಮುಂದಿನ ಭಿನ್ನಾಭಿಪ್ರಾಯ ಬಂದಾಗ. ಭೂತಕೋಲದ ಬಗ್ಗೆ ಹೊಸಬರೊಬ್ಬರು ಬರೆದದ್ದನ್ನು ಹಳಬರು ‘ಆಕರವಿಲ್ಲ’ ಎಂದಷ್ಟೇ ಸೂಚಿಸಿ ಅಳಿಸಿದರೆನ್ನಿ. ತಮ್ಮೂರಿನ ದೈವಸ್ಥಾನದಲ್ಲಿ ಬಾಲ್ಯದಿಂದ ಕಂಡದ್ದನ್ನೇ ಬರೆದವರಿಗೆ ಅದು ಅವಮಾನವೆನಿಸುತ್ತದೆ. ಬರೆಯುವುದನ್ನೇ ನಿಲ್ಲಿಸುವವರೂ ಇದ್ದಾರೆ. ಅದೇ ಹಳಬರು ಹಿಂದೊಮ್ಮೆ ಪಕ್ಕದಲ್ಲಿ ಕುಳಿತು, ಗ್ರಂಥಾಲಯದ ಪುಸ್ತಕವೊಂದನ್ನು ತೆರೆದು, ಪುಟಸಂಖ್ಯೆಯೊಂದಿಗೆ ಉಲ್ಲೇಖ ಸೇರಿಸುವುದನ್ನು ತೋರಿಸಿಕೊಟ್ಟಿದ್ದರೆ, ಆ ಸೂಚನೆ ಬರಿಯ ಸೂಚನೆಯಾಗಿಯೇ ಉಳಿಯುತ್ತದೆ, ಪುಸ್ತಕ ಹುಡುಕುವ ಮನಸ್ಸೂ ಬರುತ್ತದೆ.

ಅಂತರ್ಜಾಲದಲ್ಲಿಯೇ ಬೆಳೆದ ದೊಡ್ಡ ಬಳಗಗಳೂ ಭೇಟಿಯನ್ನು ಬಿಟ್ಟಿಲ್ಲ. 2001ರಲ್ಲಿ ಆರಂಭವಾದ ವಿಕಿಪೀಡಿಯದ ಬರಹಗಾರರು 2005ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ವಿಕಿಮೇನಿಯಾ ಸಮಾವೇಶ ನಡೆಸಿದರು. ಡೆಬಿಯನ್ ತಂತ್ರಾಂಶದ ಸ್ವಯಂಸೇವಕರಲ್ಲಂತೂ, ಎದುರುಬದುರು ನಿಂತು ಗುರುತುಪತ್ರ ನೋಡಿ, ಅಂತರ್ಜಾಲದಲ್ಲಿ ತಮ್ಮ ಗುರುತನ್ನು ಸಾಬೀತುಪಡಿಸುವ ಪರಸ್ಪರರ ಡಿಜಿಟಲ್ ಕೀಲಿಗೆ ಸಹಿ ಹಾಕುವ ಪದ್ಧತಿಯೇ ಇದೆ. ಅವರ 2023ರ ವಾರ್ಷಿಕ ಸಮಾವೇಶ ನಡೆದದ್ದು ನಮ್ಮದೇ ಕರಾವಳಿಯ ಕೊಚ್ಚಿಯಲ್ಲಿ.

ಒಂದು ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ನಮ್ಮ ಜಿಲ್ಲೆಗಳ ಎಷ್ಟೋ ಮಂದಿ ದುಬೈ, ಮಸ್ಕತ್, ಮುಂಬಯಿಗಳಲ್ಲಿದ್ದಾರೆ. ಅವರು ಬರಲಾರರೆಂದು ಬಂದವರೇ ಎಲ್ಲವನ್ನೂ ತೀರ್ಮಾನಿಸಿಬಿಟ್ಟರೆ ಬಳಗ ಎರಡಾಗುತ್ತದೆ. ಅಂತರ್ಜಾಲದ ತಾಂತ್ರಿಕ ಮಾನಕಗಳನ್ನು ರೂಪಿಸುವ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ 1986ರಿಂದಲೂ ಸಭೆ ಸೇರುತ್ತಿದೆ. ಆದರೂ ಸಭೆಯಲ್ಲಿ ಮೂಡಿದ ಒಮ್ಮತವನ್ನು ಮಿಂಚಂಚೆಯ ಮೂಲಕ ಎಲ್ಲರ ಮುಂದಿಟ್ಟು ದೃಢಪಡಿಸಿಕೊಳ್ಳುವುದು ಅಲ್ಲಿನ ನಿಯಮ. ನೀವೂ ಹಾಗೆಯೇ ಮಾಡಿ: ಮಾತು ಮಂಗಳೂರಿನಲ್ಲಿ, ತೀರ್ಮಾನ ಎಲ್ಲರ ಎದುರಿನಲ್ಲಿ.

ಇನ್ನು ಖರ್ಚಿನ ಮಾತು. ಬಾಡಿಗೆಯ ಸಭಾಂಗಣ ಬೇಡ. ಕಾಲೇಜೊಂದರ ಕೊಠಡಿ, ವೈಫೈ ಮತ್ತು ಮಧ್ಯಾಹ್ನದ ಊಟ ಸಾಕು. ವಿದ್ಯಾರ್ಥಿಗಳ ಬಸ್ ಚಾರ್ಜನ್ನು ದುಡಿಯುವವರು ಹಂಚಿಕೊಳ್ಳಲಿ. ಮಳೆಗಾಲ ಕಳೆದ ಮೇಲೆ, ಪರೀಕ್ಷೆಗಳಿಲ್ಲದ ಒಂದು ಭಾನುವಾರ ಹತ್ತು ಗಂಟೆಗೆ ಆರಂಭಿಸಿ ನಾಲ್ಕಕ್ಕೆ ಮುಗಿಸಿದರೆ, ಕುಂದಾಪುರ, ಸುಳ್ಯದ ಕಡೆಯಿಂದ ಬರುವ ಹೆಣ್ಣುಮಕ್ಕಳೂ ಹೊತ್ತು ಮೀರದೆ ಮನೆ ಸೇರಬಹುದು.