ಬಾಟಲಿಯ ಮುಚ್ಚಳ ತೆಗೆಯಲಾಗದ ಬೆರಳುಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಮನೆಯವರ ವಿವರ ಮತ್ತು ಭೇಟಿಯ ಕ್ರಮವನ್ನು ಬದಲಿಸಲಾಗಿದೆ.)

ಆಕೆಗೆ 54 ವರ್ಷ. ಎಡ ಸ್ತನದಲ್ಲಿ ಎರಡನೇ ಹಂತದ ಕ್ಯಾನ್ಸರ್, ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನಿನ ಬಲದಿಂದ ಬೆಳೆಯುವ ಬಗೆ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರು. ಕೀಮೋದ ಮೊದಲ ನಾಲ್ಕು ಸುತ್ತು ಮುಗಿದು, ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ 12ರಲ್ಲಿ 5 ಆಗಿತ್ತು. ಮನೆಯಲ್ಲಿ ಜಗಳ ಹತ್ತಿತ್ತು: ಕೀಮೋ ಬಿಟ್ಟು ಗಿಡಮೂಲಿಕೆ ಹಿಡಿ ಎಂದು ಅಣ್ಣ, ಅರ್ಧಕ್ಕೆ ಬಿಡಬೇಡ ಎಂದು ಮಗಳು. ಆಕೆ ತಮಗೆ ನಿದ್ದೆಯಿಲ್ಲ, ಸುಸ್ತು, ಯಾರ ಮಾತೂ ಬೇಡ ಎನ್ನಿಸಿಬಿಟ್ಟಿದೆ ಎಂದರು.

ಆಪ್ತಸಲಹೆಗೆ ಬರುವವರಿಗೆ ಭೇಟಿಗೆ ಮೊದಲೇ ಫೋನಿನಲ್ಲಿ ಹೇಳುವ ಮಾತೊಂದಿದೆ: ಪಟ್ಟಿ ಬರೆದು ತರಬೇಡಿ, ಬಾಟಲಿಗಳನ್ನೇ ತನ್ನಿ. ಪಟ್ಟಿ ಬರೆಯುವವರು ತಾವು ಔಷಧ ಎಂದುಕೊಂಡದ್ದನ್ನಷ್ಟೇ ಬರೆಯುತ್ತಾರೆ. ವಿಟಮಿನ್ನು, ಕೂದಲಿನ ಗುಳಿಗೆ ಅದರಲ್ಲಿ ಬರುವುದೇ ಇಲ್ಲ. ಆಕೆಯ ಚೀಲದಿಂದ ಏಳು ಬಾಟಲಿ ಹೊರಬಂದವು. ಒಂದರ ಮುಚ್ಚಳ ತೆಗೆದು ಗುಳಿಗೆ ತೋರಿಸಲು ಹೋದರು, ಆಗಲಿಲ್ಲ. ಬೆರಳು ಮುಚ್ಚಳದ ಮೇಲೆ ಜಾರುತ್ತಿತ್ತು. ಎರಡು ಸಲ ಪ್ರಯತ್ನಿಸಿ, ನಕ್ಕು, ಮಗಳ ಕೈಗೆ ಕೊಟ್ಟರು.

ಪ್ರಕರಣ ತಿರುಗಿದ್ದು ಅಲ್ಲಿಂದ. ಅಂಗಿಯ ಗುಂಡಿ ಹಾಕಲು ಆಗುತ್ತದೆಯೇ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುತ್ತದೆಯೇ ಎಂದು ಕೇಳಿದಾಗ ಸತ್ಯ ಹೊರಬಿತ್ತು. ಮೂರು ವಾರದಿಂದ ಬೆರಳ ತುದಿ, ಕಾಲ್ಬೆರಳು ಜೋಮು ಹಿಡಿದಂತಿದ್ದವು, ಪ್ಯಾಕ್ಲಿಟ್ಯಾಕ್ಸೆಲ್ ನರಗಳಿಗೆ ಕೊಡುವ ಪೆಟ್ಟು ಅದು. ವೈದ್ಯರಿಗೆ ಹೇಳಿರಲಿಲ್ಲ. ಹೇಳಿದರೆ ಔಷಧದ ಪ್ರಮಾಣ ಇಳಿಸುತ್ತಾರೆ, ಆಗ ಕಾಯಿಲೆ ಮರಳುತ್ತದೆ ಎಂಬ ಭಯ. ಅದಕ್ಕೇ 'ನರಗಳಿಗೆ ಒಳ್ಳೆಯದು' ಎಂದು ಯಾರೋ ಸೂಚಿಸಿದ ಅಸಿಟೈಲ್ ಎಲ್ ಕಾರ್ನಿಟಿನ್ ತೆಗೆದುಕೊಳ್ಳುತ್ತಿದ್ದರು. ಜಾರಿದ್ದು ಅದೇ ಬಾಟಲಿಯ ಮುಚ್ಚಳ.

ಏಳರಲ್ಲಿ ಮೊದಲು ಕೈಗೆತ್ತಿಕೊಂಡದ್ದೂ ಅದನ್ನೇ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದೇ ಗುಂಪಿನ ಕೀಮೋ ಪಡೆಯುತ್ತಿದ್ದ 409 ಮಹಿಳೆಯರು ಪಾಲ್ಗೊಂಡಿದ್ದರು. ಒಂದು ಗುಂಪಿಗೆ ದಿನಕ್ಕೆ 3000 ಮಿಲಿಗ್ರಾಂ ಕಾರ್ನಿಟಿನ್, ಇನ್ನೊಂದಕ್ಕೆ ಹುಸಿಗುಳಿಗೆ. 24 ವಾರಗಳ ಹೊತ್ತಿಗೆ ಕಾರ್ನಿಟಿನ್ ತೆಗೆದುಕೊಂಡವರ ನರಬಾಧೆಯೇ ಹೆಚ್ಚಾಗಿತ್ತು. ಸ್ತನ ಕ್ಯಾನ್ಸರಿನ ಪೂರಕ ಚಿಕಿತ್ಸೆಗಳ ಬಗ್ಗೆ ಸೊಸೈಟಿ ಫಾರ್ ಇಂಟಿಗ್ರೇಟಿವ್ ಆಂಕಾಲಜಿ 2017ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಹಾನಿಯ ಕಾರಣಕ್ಕೆ ಬೇಡ ಎಂದು ಗುರುತಿಸಿದ್ದು ಇದನ್ನೇ. ಆಕೆಗೆ ಕೊಟ್ಟ ಸಲಹೆ: ಇವತ್ತೇ ನಿಲ್ಲಿಸಿ, ಮುಂದಿನ ಡ್ರಿಪ್ ಹಾಕುವ ಮೊದಲೇ ವೈದ್ಯರಿಗೆ ಜೋಮಿನ ವಿಷಯ ಹೇಳಿ. ಪ್ರಮಾಣ ಇಳಿಸುವುದು ಅಥವಾ ಒಂದು ವಾರ ಮುಂದೂಡುವುದು ಸೋಲಲ್ಲ, ವೈದ್ಯರ ಲೆಕ್ಕದೊಳಗೇ ಇರುವ ಸಂಗತಿ. ಅತಿಯಾಗಿ ಕೆಟ್ಟ ನರ ಮಾತ್ರ ಪೂರ್ತಿ ಸರಿಹೋಗದೆ ಉಳಿಯಬಹುದು. ಉರಿ, ನೋವು ಶುರುವಾದರೆ ಡುಲಾಕ್ಸೆಟಿನ್ ಎಂಬ ಮಾತ್ರೆಗೆ ಪುರಾವೆಯಿದೆ. ಅದನ್ನು ವೈದ್ಯರೇ ಬರೆಯಬೇಕು. ಅಲ್ಲಿಯವರೆಗೆ ಬಿಸಿನೀರನ್ನು ಬೆರಳಿನಿಂದಲ್ಲ, ಮೊಣಕೈಯಿಂದ ಮುಟ್ಟಿ ನೋಡುವುದು, ಮನೆಯೊಳಗೂ ಹಿಂಬದಿ ಪಟ್ಟಿಯಿರುವ ಚಪ್ಪಲಿ, ರಾತ್ರಿ ದಾರಿಯಲ್ಲಿ ದೀಪ.

ಎರಡನೆಯದು ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ, ಬೇಸರ ಕಳೆಯಲೆಂದು ತಂದದ್ದು. ಯಕೃತ್ತಿನಲ್ಲಿ ಔಷಧ ಒಡೆಯುವ ಕಿಣ್ವಗಳನ್ನು ಇದು ಚುರುಕುಗೊಳಿಸುತ್ತದೆ. ಕೀಮೋ ಬೇಗ ಒಡೆದು ಹೋದರೆ ಗೆಡ್ಡೆಗೆ ತಲುಪುವ ಪ್ರಮಾಣ ಕಡಿಮೆ. ನಿಲ್ಲಿಸಿದ ಮೇಲೂ ಈ ಪರಿಣಾಮ ಸುಮಾರು ಎರಡು ವಾರ ಉಳಿಯುವುದರಿಂದ, ಕೊನೆಯ ಗುಳಿಗೆ ತೆಗೆದುಕೊಂಡ ದಿನವನ್ನೂ ಬರೆಸಲಾಯಿತು. ಕಾಯಿಲೆ ಮರಳುವ ಹೆದರಿಕೆಗೆ ಆಕೆ ಡೋಸ್ ಇಳಿಯಬಾರದೆಂದು ಜೋಮು ಮುಚ್ಚಿಟ್ಟರೆ, ಈ ಗುಳಿಗೆ ಗೊತ್ತಿಲ್ಲದೆಯೇ ಡೋಸ್ ಇಳಿಸುತ್ತಿರಬಹುದಿತ್ತು. ಬೇಸರವನ್ನು ಮಾತ್ರ ಹಾಗೇ ಬಿಡಲಿಲ್ಲ. ಬದುಕು ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿ ಕೇಳಲಾಯಿತು. ಇಲ್ಲ, ಸುಸ್ತಾಗಿದೆ ಅಷ್ಟೇ ಎಂದರು. ಎರಡು ವಾರದಲ್ಲಿ ಹಗುರಾಗದಿದ್ದರೆ ಮನೋವೈದ್ಯರನ್ನು ಕಾಣುವುದೆಂದು ಒಪ್ಪಿಗೆಯಾಯಿತು.

ಉಳಿದವು ಬೇಗ ಮುಗಿದವು. ಎರಡು ಬಾಟಲಿಗಳ ಹೆಸರು ಬೇರೆ, ಒಳಗಿದ್ದದ್ದು ಒಂದೇ: ಕಾಳುಮೆಣಸಿನ ಪೈಪರಿನ್ ಸೇರಿಸಿದ, ಅರಿಶಿನದ ಕರ್ಕ್ಯುಮಿನ್. ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ಇಂಥ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ, ಪ್ಯಾಕ್ಲಿಟ್ಯಾಕ್ಸೆಲ್ ಹೊರಹೋಗುವ ದಾರಿಯೂ ಅದೇ ಯಕೃತ್ತು. ಕೀಮೋ ಮುಗಿಯುವವರೆಗೆ ಬೇಡ. ವಿಟಮಿನ್ ಸಿ, ಇ ತುಂಬಿದ ಆಂಟಿಆಕ್ಸಿಡೆಂಟ್ ಮಿಶ್ರಣಕ್ಕೂ ಅದೇ ಉತ್ತರ. ಬಯೋಟಿನ್ ಕೂದಲು ಉದುರುವುದನ್ನು ತಡೆಯುವುದಿಲ್ಲ, ಅದರ ಮೇಲೆ ಥೈರಾಯ್ಡ್‌ನಂಥ ರಕ್ತಪರೀಕ್ಷೆಗಳ ಅಂಕಿಯನ್ನೇ ತಪ್ಪಾಗಿ ತೋರಿಸಬಹುದು. ಏಳನೆಯದು ವಿಟಮಿನ್ ಡಿ, ಆಸ್ಪತ್ರೆಯಲ್ಲೇ ಬರೆದುಕೊಟ್ಟದ್ದು, ಅದು ಮುಂದುವರಿಯಿತು.

ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಲಾಯಿತು: ಏನು, ಎಷ್ಟು ಮಿಲಿಗ್ರಾಂ, ಎಂದಿನಿಂದ, ಯಾಕೆ, ಕೊನೆಯ ಗುಳಿಗೆ ಯಾವತ್ತು. ಕೊನೆಯ ಕಾಲಂ 'ವೈದ್ಯರನ್ನು ಕೇಳಬೇಕು'. ಹಿಂದೊಮ್ಮೆ ಇಂಥದ್ದನ್ನು ಕೇಳಿ ಗದರಿಸಿಕೊಂಡಿದ್ದರಂತೆ, ಅದಕ್ಕೇ ಬಾಯಿ ಕಟ್ಟಿತ್ತು. 'ಇದನ್ನು ತೆಗೆದುಕೊಳ್ಳಬಹುದೇ' ಎಂದರೆ ಬೇಡ ಎಂಬ ಉತ್ತರ ಸುಲಭ. 'ಇದನ್ನು ತೆಗೆದುಕೊಂಡಿದ್ದೇನೆ, ಇಂಥ ದಿನ ನಿಲ್ಲಿಸಿದ್ದೇನೆ, ನನ್ನ ಸುಸ್ತಿಗೆ ಬೇರೇನು ಮಾಡಬಹುದು' ಎಂದರೆ ಮಾತು ಮುಂದುವರಿಯುತ್ತದೆ.

ಇಷ್ಟೆಲ್ಲ ತೆಗೆದುಹಾಕಿದ ಮೇಲೆ ಕೈಗೆ ಏನಾದರೂ ಕೊಡಬೇಕು. ಬರಿಗೈಯಲ್ಲಿ ಕಳಿಸಿದರೆ ಎಂಟನೇ ಬಾಟಲಿ ಬರುತ್ತದೆ.

ನಿದ್ದೆಗೆಟ್ಟ ರಾತ್ರಿಗಳನ್ನು ಗುರುತು ಹಾಕಿ ನೋಡಿದರೆ, ಹೆಚ್ಚಿನವು ಡ್ರಿಪ್ ಹಾಕಿದ ರಾತ್ರಿ ಮತ್ತು ಮರುರಾತ್ರಿ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮೊದಲು ಅಲರ್ಜಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್‌ನ ಕೆಲಸ ಅದು. ಅದರ ಪ್ರಮಾಣ ಇಳಿಸಬಹುದೇ ಎಂಬ ಪ್ರಶ್ನೆಯೂ ಹಾಳೆ ಸೇರಿತು. ಕಾರಣ ಗೊತ್ತಾದದ್ದೇ ಅರ್ಧ ಸಮಾಧಾನವಾಯಿತು, ತಲೆ ಕೆಡುತ್ತಿದೆ ಎಂದುಕೊಂಡಿದ್ದರು.

ಆತಂಕಕ್ಕೆ ಧ್ಯಾನವನ್ನು ಮಾರ್ಗಸೂಚಿ ಗಟ್ಟಿಯಾಗಿ ಶಿಫಾರಸು ಮಾಡುತ್ತದೆ. ಆದರೆ ಆಕೆ ಧ್ವನಿಮುದ್ರಣ ಹಚ್ಚಿ ಮಾಡುತ್ತಿದ್ದ ದೇಹಾವಲೋಕನ ಪ್ರತಿಸಲ ಅಳುವಿನಲ್ಲಿ ಮುಗಿಯುತ್ತಿತ್ತು. ಗಮನ ಪಾದದಿಂದ ಮೇಲೇರುತ್ತ ಎದೆಯ ಗಾಯಕ್ಕೆ ಬಂದೊಡನೆ ಉಸಿರು ಹಿಡಿಯುತ್ತಿತ್ತು. ಇದು ತೀರಾ ಸಾಮಾನ್ಯ, ಮುದ್ರಿತ ಧ್ವನಿಗೆ ಮಾತ್ರ ಅದು ಗೊತ್ತಿಲ್ಲ. ಬದಲಿಸಿದ ಕ್ರಮ: ಮಲಗುವುದು ಬೇಡ, ಕುಳಿತು, ಕಣ್ಣು ಅರೆ ತೆರೆದು, ಪಾದ, ಮಂಡಿ, ಅಂಗೈ ಅಷ್ಟೇ, ಎದೆಯನ್ನು ದಾಟಿ ಮುಖಕ್ಕೆ, ಐದು ನಿಮಿಷ, ದಿನಕ್ಕೆರಡು ಬಾರಿ. ಆಸ್ಪತ್ರೆಯ ಬಾಗಿಲಲ್ಲೇ ಹೊಟ್ಟೆ ತೊಳಸುತ್ತಿದ್ದುದಕ್ಕೂ ಇದನ್ನೇ ಹೊರಡುವ ಮೊದಲು ಮಾಡುವುದು. ಜೊತೆಗೆ ಬಲ ಮಣಿಕಟ್ಟಿನ ಒಳಬದಿ: ಗೆರೆಯ ಕೆಳಗೆ ಮೊಣಕೈ ಕಡೆಗೆ ಮೂರು ಬೆರಳು ಅಡ್ಡ ಇಟ್ಟು, ಎರಡು ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತುವುದು. ನೋಯುವಷ್ಟು ಬೇಡ. ವೈದ್ಯರು ಕೊಟ್ಟ ವಾಂತಿಯ ಮಾತ್ರೆ ಬಿಡುವಂತಿಲ್ಲ.

ಸುಸ್ತಿಗೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸುವುದು, ಆಮೇಲೆ ನಡಿಗೆ. ಹತ್ತು ನಿಮಿಷ, ದಿನಕ್ಕೆರಡು ಸಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಪ್ರತಿವಾರ ಎರಡು ಮೂರು ನಿಮಿಷ ಹೆಚ್ಚಿಸುವುದು. ಚೆನ್ನಾಗಿದೆ ಅನ್ನಿಸಿದ ದಿನ ಒಂದು ಗಂಟೆ ನಡೆದು ಮರುದಿನ ಹಾಸಿಗೆ ಹಿಡಿಯುವುದೇ ಹೆಚ್ಚಿನವರು ಮಾಡುವ ತಪ್ಪು. ನಿಂತು ಮಾಡುವ ಯೋಗಾಸನಕ್ಕೆ ಗೋಡೆಯ ಆಸರೆ ಬೇಕು, ಪಾದಕ್ಕೆ ನೆಲ ಸರಿಯಾಗಿ ತಿಳಿಯುವುದಿಲ್ಲವಲ್ಲ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಡಿಗೆ, ಕಷಾಯ ಯಾವುದೂ ಇಲ್ಲ, ನಡುರಾತ್ರಿಯಾದರೂ ಆಸ್ಪತ್ರೆ.

ಅಣ್ಣ ಎರಡನೇ ಭೇಟಿಗೆ ಬಂದರು. ರಾಸಾಯನಿಕ ಬೇಡ, ಗಿಡದ್ದು ಕೊಡಿ ಎಂಬುದು ಅವರ ವಾದ. ತಂಗಿಯ ರಕ್ತಕ್ಕೆ ಇಳಿಯುತ್ತಿರುವ ಔಷಧವೇ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ್ದು, ಅದರ ರಚನೆ 1971ರಲ್ಲಿ ಪ್ರಕಟವಾಯಿತು ಎಂದಾಗ ಸುಮ್ಮನಾದರು. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಅಂಕಿಯನ್ನೂ ಮುಂದಿಡಲಾಯಿತು: ಸ್ತನ ಕ್ಯಾನ್ಸರಿನಲ್ಲಿ ರೂಢಿಯ ಚಿಕಿತ್ಸೆ ಬಿಟ್ಟು ಪರ್ಯಾಯವನ್ನಷ್ಟೇ ಆರಿಸಿಕೊಂಡವರ ಸಾವಿನ ಅಪಾಯ 5 ಪಟ್ಟಿಗೂ ಹೆಚ್ಚು. ವಾದ ಗೆದ್ದಂತಾಯಿತು, ಆದರೆ ಆ ಮನುಷ್ಯನಿಗೆ ಬೇಕಿದ್ದದ್ದು ಮಾಡಲು ಒಂದು ಕೆಲಸ. ಸಂಜೆಯ ನಡಿಗೆಗೆ ಜೊತೆಯಾಗುವ ಹೊಣೆ ಅವರದಾಯಿತು.

ಪ್ಯಾಕ್ಲಿಟ್ಯಾಕ್ಸೆಲ್ ಪ್ರಮಾಣವನ್ನು ಏಳನೇ ವಾರದಿಂದ ಇಳಿಸಿದರು, 12ನೆಯದೂ ಮುಗಿಯಿತು. ನಾಲ್ಕು ತಿಂಗಳ ನಂತರದ ಭೇಟಿಯಲ್ಲಿ ಆಕೆ ಈಸ್ಟ್ರೊಜನ್ ಹಾರ್ಮೋನ್ ತಗ್ಗಿಸುವ ಲೆಟ್ರೊಜೋಲ್ ಮಾತ್ರೆಯಲ್ಲಿದ್ದರು, ಬೆಳಿಗ್ಗೆ ಮಂಡಿ, ಬೆರಳ ಗಂಟು ಬಿಗಿಯುತ್ತಿದ್ದವು. ಆ ಮಾತ್ರೆಯಿಂದ ಬರುವ ಈ ಗಂಟುನೋವಿಗೆ ಆಕ್ಯುಪಂಕ್ಚರ್‌ನ ಪುರಾವೆ ಚೆನ್ನಾಗಿದೆ. 2018ರ ಪ್ರಯೋಗದಲ್ಲಿ 226 ಮಹಿಳೆಯರಿದ್ದರು. ಸೂಜಿ ಪಡೆದವರಿಗೆ ಆರು ವಾರ ವಾರಕ್ಕೆರಡು, ಮತ್ತೆ ಆರು ವಾರ ವಾರಕ್ಕೊಂದು ಬಾರಿ. ಅದೇ ಕ್ರಮವನ್ನು ಸೂಚಿಸಲಾಯಿತು. ದುಗ್ಧಗ್ರಂಥಿ ತೆಗೆದ ಎಡಗೈಗೆ ಸೂಜಿ ಬೇಡ, ಒಮ್ಮೆ ಬಳಸಿ ಎಸೆಯುವ ಸೂಜಿಯೇ ಆಗಬೇಕು, ಲೆಟ್ರೊಜೋಲ್ ತಾವಾಗಿ ನಿಲ್ಲಿಸಬಾರದು.

ಚೀಲದಲ್ಲಿ ಈ ಸಲ ಒಂದೇ ಬಾಟಲಿ, ಗ್ಲುಕೋಸಮೈನ್, ಮುದ್ರೆ ಒಡೆದಿರಲಿಲ್ಲ. ಹಳೆಯ ಹಾಳೆಯಲ್ಲಿ ಎಂಟನೇ ಸಾಲಾಗಿ ಅದನ್ನು ಬರೆದಿದ್ದರು, ಅಕ್ಷರ ಸ್ವಲ್ಪ ಸೊಟ್ಟ. ಕೊನೆಯ ಕಾಲಂನಲ್ಲಿ ಗುರುತು ಹಾಕಿತ್ತು.