ಒಲೆ ಉರಿಯುತ್ತದೆ, ಗ್ಯಾಸ್ ಗೀಸರ್ ಮಾತ್ರ ಹೊತ್ತುವುದಿಲ್ಲ, ಯಾಕೆ?

ಕಾರವಾರದ ನಿಮ್ಮ ಮನೆಯಲ್ಲಿ ಒಂದೇ ಸಿಲಿಂಡರಿನಿಂದ ಒಲೆ ಉರಿಯುತ್ತದೆ, ಗೀಸರಿನಲ್ಲಿ ತಣ್ಣೀರೇ ಬರುತ್ತದೆ ಅಂದಿರಿ. ಹಾಗಿದ್ದರೆ ಹೆಚ್ಚಾಗಿ ಸಿಲಿಂಡರಿನ ತಪ್ಪಲ್ಲ ಬಿಡಿ. ನಲ್ಲಿ ತಿರುಗಿಸಿದಾಗ ಟಕ್ ಟಕ್ ಸದ್ದು ಬರುತ್ತದಾ ಕೇಳಿ. ಇಲ್ಲ ಅಂದರೆ ಮೊದಲು ಕೆಳಗಿನ ಎರಡು ದಪ್ಪ ಸೆಲ್ ಬದಲಿಸಿ. ಕಡಲ ಗಾಳಿಗೆ ಅಲ್ಲಿನ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಉಜ್ಜಿ.

ಆಮೇಲೂ ಸದ್ದಿಲ್ಲವಾ? ಹೆಚ್ಚಾಗಿ ನೀರಿನ ಒತ್ತಡ ಸಾಲುತ್ತಿಲ್ಲ. ನೀರು ರಭಸವಾಗಿ ಬಂದು ಒಳಗಿನ ಡಯಾಫ್ರಾಮ್ ಅಂದರೆ ತೆಳು ರಬ್ಬರ್ ಪೊರೆಯನ್ನು ತಳ್ಳಿದರೆ ಮಾತ್ರ ಕಿಡಿ, ಗ್ಯಾಸ್ ಎರಡೂ ಶುರುವಾಗುತ್ತವೆ. ನೀರು ಒಳಹೋಗುವ ಕಡೆ ಸಣ್ಣ ಜಾಲರಿ ಇರುತ್ತದೆ, ಬಿಚ್ಚಿ ತೊಳೆಯಿರಿ. ಬಾವಿ ನೀರಾದರೆ ಮರಳು ಕೂತಿರುವುದೇ ಜಾಸ್ತಿ.

ಕಿಡಿ ಬಂದೂ ಹೊತ್ತದಿದ್ದರೆ ಸುಮ್ನೆ ಗ್ಯಾಸ್ ಪೈಪಿಗೆ ಕೈ ಹಾಕಬೇಡಿ, ಮೆಕ್ಯಾನಿಕ್ ಕರೆಸಿ. ಹಾಂ, ಗೀಸರ್ ಬಚ್ಚಲೊಳಗೇ ಇದ್ದರೆ ಹೊರಗೆ ಹಾಕಿಸಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿಗೆ ವಾಸನೆಯೇ ಇಲ್ಲ, ಬಚ್ಚಲಲ್ಲಿ ತುಂಬಿದರೂ ಗೊತ್ತಾಗುವುದಿಲ್ಲ.